ಪಕ್ಕದ ಸೀಟಿನವರು ಏನಂತಾರೆ

ಗಂಗಾವತಿಯ ನಮ್ಮ ಮನೆಯಲ್ಲಿ ಯಾವ ಸಿನಿಮಾ ಚೆನ್ನಾಗಿದೆ ಅಂತ ಕೇಳಿ ನೋಡಿ, ನೇರ ಉತ್ತರ ಸಿಗೋದಿಲ್ಲ. "ಯಾರ ಜೋಡಿ ಹೊಂಟೀರಿ?" ಅಂತ ತಿರುಗಿ ಪ್ರಶ್ನೆ ಬರುತ್ತದೆ. ಮಾವನವರ ಜೊತೆ ಹೋಗೋದಾದರೆ ಒಂದು ಸಿನಿಮಾ, ಅತ್ತೆ ಬರ್ತಾರೆ ಅಂದರೆ ಇನ್ನೊಂದು, ಮಗನ ಗೆಳೆಯರ ದಂಡು ಇದ್ದರೆ ಮತ್ತೊಂದು. ನನಗೆ ಈ ಪದ್ಧತಿ ಸರಿಯಾಗೇ ಇದೆ ಅನ್ನಿಸುತ್ತದೆ. ಪೇಪರಿನವರು ಕೊಡುವ ಸ್ಟಾರುಗಳಲ್ಲಿ ಪಕ್ಕದ ಸೀಟಿನಲ್ಲಿ ಯಾರು ಕೂತಿದ್ದರು ಅನ್ನೋದು ಇರೋದಿಲ್ಲ. ಅರ್ಧ ಸಿನಿಮಾ ಇರೋದೇ ಅಲ್ಲಿ, ಅಲ್ವಾ?

ಈಚೆಗೆ ನೋಡಿದ ಒಂದಷ್ಟು ಸಿನಿಮಾಗಳ ಬಗ್ಗೆ ಬರೆಯೋಣ ಅಂತ ಕೂತೆ. ನನ್ನ ಅಭಿಪ್ರಾಯ ಬರೆಯಲು ಹೋದರೆ ಮನೆಯವರ ಮಾತುಗಳೇ ಮುಂದೆ ಬಂದು ನಿಂತವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಒಂದು ವಿಷಯ ಗೊತ್ತಾಯಿತು. ನಮ್ಮ ಮನೆಯವರು ಸಿನಿಮಾವನ್ನು ಕಣ್ಣಿಗಿಂತ ಜಾಸ್ತಿ ಕಿವಿಯಿಂದ ನೋಡ್ತಾರೆ. ಯಾರ ದನಿ, ಯಾವ ಭಾಷೆ, ಯಾವ ಊರಿನ ಮಾತಿನ ರಾಗ ಅನ್ನೋದರ ಮೇಲೇ ಅವರ ತೀರ್ಪು.

ಇದಕ್ಕೆ ನಮ್ಮ ಸೀಮೆಯೇ ಕಾರಣ ಇರಬೇಕು. ತುಂಗಭದ್ರಾ ಅಣೆಕಟ್ಟು ಆದದ್ದು 1953ರಲ್ಲಿ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಸಂಸಾರ ಸಮೇತ ಈ ಕಡೆ ಬಂದರು. ಒಣಬೇಸಾಯದ ಹೊಲ ಕೊಂಡು ಗದ್ದೆ ಮಾಡಿದರು. ಅವರು ಬೀಡು ಬಿಟ್ಟ ಜಾಗಗಳಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು. ಗಂಗಾವತಿಯಿಂದ ಕಾರಟಗಿ, ಸಿಂಧನೂರಿನ ದಾರಿ ಹಿಡಿದರೆ ಬಸ್ಸಿನ ಕಿಟಕಿಯಿಂದ ಒಂದಾದ ಮೇಲೊಂದು ಕ್ಯಾಂಪಿನ ಬೋರ್ಡು ಕಾಣುತ್ತವೆ. ಭತ್ತದ ಜೊತೆಗೆ ಅವರು ತೆಲುಗು ಸಿನಿಮಾನೂ ತಂದರು. ಮುಂಗಾರಿನ ಭತ್ತ ಮಾರಿ ದುಡ್ಡು ಕೈಗೆ ಬರೋದೂ ಸಂಕ್ರಾಂತಿ ಹೊತ್ತಿಗೆ, ತೆಲುಗಿನ ದೊಡ್ಡ ಹೀರೋಗಳ ಸಿನಿಮಾ ಬರೋದೂ ಸಂಕ್ರಾಂತಿ ಹೊತ್ತಿಗೆ. ಟಾಕೀಸಿನವರಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಎಲ್ಲಿ ಸಿಗಬೇಕು?

ನಮ್ಮ ಮಾವನವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಕ್ಯಾಂಪಿನ ರೈತರ ಜೊತೆ ತೂಕ, ತೇವ, ರೇಟು ಅಂತ ಜಗಳಾಡುತ್ತಲೇ ತೆಲುಗು ಕಲಿತರು. ಉಳಿದದ್ದನ್ನು ಟಾಕೀಸು ಕಲಿಸಿತು. ಕನ್ನಡಕ್ಕೆ ಬೇರೆ ಭಾಷೆಯ ಸಿನಿಮಾ ಡಬ್ ಮಾಡೋದು ದಶಕಗಳ ಕಾಲ ನಿಂತೇ ಹೋಗಿತ್ತಲ್ಲ, 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಗೋಡೆ ಬಿರುಕು ಬಿಡ್ತು. ಆಗ ಬೆಂಗಳೂರಿನಲ್ಲಿ ಬೇಕು, ಬೇಡ ಅಂತ ದೊಡ್ಡ ಗದ್ದಲ. ನಮ್ಮ ಕಡೆ ಅದು ಯಾರಿಗೂ ಅಷ್ಟು ತಟ್ಟಲಿಲ್ಲ. ಇಲ್ಲಿ ಜನ ತೆಲುಗನ್ನು ತೆಲುಗಿನಲ್ಲೇ ನೋಡಿಕೊಂಡು ಬಂದಿದ್ದರು. ಅರ್ಥ ಆಗದವರಿಗೆ ಪಕ್ಕದವರು ಹೇಳ್ತಿದ್ದರು.

2022ರ ಮಾರ್ಚ್‌ನಲ್ಲಿ 'ಆರ್‌ಆರ್‌ಆರ್' ಬಂದಾಗ ಕನ್ನಡದಲ್ಲೂ ಇತ್ತು. ಮಾವನವರು ತೆಲುಗಿನದ್ದೇ ಬೇಕು ಅಂತ ಪಟ್ಟು ಹಿಡಿದು ಹೋಗಿ ಬಂದರು. ಮಗ ಲಾರಿಯಿಂದ ಹುಲಿ ಹಾರೋದನ್ನು ಬಿಟ್ಟು ಬೇರೇನೂ ನೆನಪಿಟ್ಟುಕೊಂಡಿಲ್ಲ. ಆಮೇಲೆ ಮನೆಯಲ್ಲಿ ಕನ್ನಡದ್ದನ್ನು ಹಾಕಿದೆವು. ಜೂನಿಯರ್ ಎನ್‌ಟಿಆರ್ ಕನ್ನಡದಲ್ಲೂ ತಾವೇ ದನಿ ಕೊಟ್ಟಿದ್ದಾರೆ ಅಂತ ನಮ್ಮವರು ಹೇಳಿದ್ದೇ ತಡ, ಪೇಪರ್ ಓದುತ್ತಿದ್ದ ಮಾವ ಕನ್ನಡಕ ತೆಗೆದು ಟಿವಿ ಕಡೆ ತಿರುಗಿ ಕೂತರು. ಸ್ವಲ್ಪ ಹೊತ್ತು ಕೇಳಿ, "ಅಲ್ಲಲ್ಲಿ ಎಡವ್ತಾನ. ಎಡವಿದ್ರೂ ತಾನೇ ಮಾತಾಡ್ಯಾನಲ್ಲ, ಬಿಡು" ಅಂದರು. ಮಾವನವರ ಬಾಯಲ್ಲಿ ಅದು ಐದಕ್ಕೆ ಐದು ಸ್ಟಾರ್. ಸಿನಿಮಾ ಬಗ್ಗೆ ನನ್ನನ್ನು ಕೇಳಿದರೆ, ಆ ಗೆಳೆತನದ ಭಾಗ ಚೆಂದ, ಇತಿಹಾಸದ ಹೆಸರಿನಲ್ಲಿ ಮಾಡಿದ ಆಟ ಜಾಸ್ತಿ ಆಯ್ತು ಅಂತೀನಿ. ಆದರೆ ಮನೆಯಲ್ಲಿ ಯಾರೂ ನನ್ನನ್ನು ಕೇಳಿಲ್ಲ.

ಅತ್ತೆಯವರದು ಬೇರೆ ಕಥೆ. ಅವರು ಅಪ್ಪು ಅಭಿಮಾನಿ. 1985ರ 'ಬೆಟ್ಟದ ಹೂವು' ಕಾಲದಿಂದ ಆ ಹುಡುಗನ ದನಿ ಕೇಳಿದವರು. ಮಗುವಿನ ದನಿ ಒಡೆದು ಗಂಡಸಿನ ದನಿ ಆಗೋದನ್ನು ಪರದೆಯ ಮೇಲೆ ಕೇಳಿದ್ದೀನಿ ಅಂತ ಹೇಳ್ತಾರೆ. ನಮಗೆ ಹತ್ತಿರದ ಹೊಸಪೇಟೆ ಅಂತೂ ಅಪ್ಪು ಅಭಿಮಾನಿಗಳ ಊರು. 2022ರ ಜೂನ್‌ನಲ್ಲಿ ಅಲ್ಲಿ ಪುನೀತ್ ಪುತ್ಥಳಿ ನಿಲ್ಲಿಸಿದರು. ಅದಕ್ಕೂ ಮೊದಲು, ಅವರ ಹುಟ್ಟುಹಬ್ಬದ ದಿನ, ಮಾರ್ಚ್ 17ಕ್ಕೆ 'ಜೇಮ್ಸ್' ಬಂತು. ಅವರು ತೀರಿಕೊಂಡು ಆಗ ಐದು ತಿಂಗಳೂ ಆಗಿರಲಿಲ್ಲ.

ಅತ್ತೆ ಹೊಸ ಸೀರೆ ಉಟ್ಟು ಬಂದಿದ್ದರು. ಟಾಕೀಸಿನಲ್ಲಿ ಶಿಳ್ಳೆ, ಪೇಪರ್ ಚೂರು, ಕಿವಿ ತೂತು ಬೀಳುವಷ್ಟು ಸದ್ದು. ಅಪ್ಪು ಬಾಯಿ ಬಿಟ್ಟ ಸ್ವಲ್ಪ ಹೊತ್ತಿಗೇ ಅತ್ತೆ ನನ್ನ ಮೊಣಕೈ ಹಿಡಿದರು. "ಯವ್ವಾ, ಇದು ಅಪ್ಪೂ ದನಿ ಅಲ್ಲ. ಅವ್ರ ಅಣ್ಣಂದು." ಹೌದು, ಪುನೀತ್ ಡಬ್ಬಿಂಗ್ ಮುಗಿಸುವ ಮೊದಲೇ ಹೋಗಿದ್ದರು. ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ದನಿ ಕೊಟ್ಟಿದ್ದರು. ಇದು ಪೇಪರಿನಲ್ಲೆಲ್ಲ ಬಂದಿತ್ತು, ನನಗೂ ಗೊತ್ತಿತ್ತು. ಅತ್ತೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ಪೂರ್ತಿ ಸಿನಿಮಾ ಅವರು ಬೇರೇನನ್ನೋ ಕೇಳ್ತಾ ಕೂತಿದ್ದರು. ಹೊಡೆದಾಟದ ಸೀನಿಗೆ ಊರೆಲ್ಲ ಕುಣಿಯುವಾಗ, ಹೀರೋ ಸುಮ್ನೆ "ಬಾ" ಅಂದ ಒಂದು ಮಾತಿಗೆ ಇವರು ಕಣ್ಣು ಒರೆಸಿಕೊಂಡರು.

ಏಪ್ರಿಲ್‌ನಲ್ಲಿ ಅಪ್ಪು ಅವರದೇ ದನಿ ಸೇರಿಸಿ ಅದೇ ಸಿನಿಮಾ ಮತ್ತೆ ಬಿಟ್ಟರು. ನಮ್ಮವರು ಉತ್ಸಾಹದಿಂದ ಟಿಕೆಟ್ ತರ್ತೀನಿ ಅಂದರು. ಅತ್ತೆ ಒಪ್ಪಲಿಲ್ಲ. "ತಮ್ಮ ಬಿಟ್ಟು ಹೋದ ಮಾತು ಅಣ್ಣ ಆಡಿ ಮುಗಿಸ್ಯಾನ. ಅದನ್ಯಾಕ ಅಳಸ್ತೀರಿ?" ಅಂದರು. ಕಥೆಯಾಗಿ ನೋಡಿದರೆ 'ಜೇಮ್ಸ್' ಸಾಧಾರಣ ಆಕ್ಷನ್ ಸಿನಿಮಾ. ಮಾಫಿಯಾ, ಬಂದೂಕು, ಕಾರು. ಅದನ್ನು ಹಾಗೆ ನೋಡೋಕೆ ನನಗೆ ಇನ್ನು ಆಗೋದಿಲ್ಲ.

ಕಳೆದ ವರ್ಷದ, ಅಂದರೆ 2025ರ ಜುಲೈನ 'ಸು ಫ್ರಂ ಸೋ' ನಮ್ಮ ಊರಿಗೆ ಬಾಯಿಮಾತಿನ ಮೇಲೇ ಬಂತು. ನಿರ್ದೇಶಕ ಜೆ.ಪಿ. ತುಮಿನಾಡು ಅನ್ನೋ ಹೆಸರು ಇಲ್ಲಿ ಯಾರೂ ಕೇಳಿರಲಿಲ್ಲ. ದೊಡ್ಡ ಹೀರೋ ಇಲ್ಲ, ಕಟೌಟ್ ಇಲ್ಲ. ಆದರೂ ಶನಿವಾರ, ಭಾನುವಾರ ಹೌಸ್‌ಫುಲ್. ನಾವು ಇಡೀ ಮನೆ ಹೋದೆವು, ನಾದಿನಿ ಮತ್ತು ಅವಳ ಇಬ್ಬರು ಮಕ್ಕಳೂ ಸೇರಿ ಒಂದು ಸಾಲೇ ನಮ್ಮದು.

ಶುರುವಿನಲ್ಲಿ ನಮ್ಮ ಸಾಲು ಪೂರ್ತಿ ಗಪ್‌ಚುಪ್. ಕರಾವಳಿ ಕನ್ನಡ, ಅದೂ ಓಡುವ ವೇಗದಲ್ಲಿ. ಅತ್ತೆ "ಏನಂದ್ನೋ?" ಅಂತ ಮೊಮ್ಮಗನನ್ನು ಕೇಳೋದು, ಅವನು ಮೊಬೈಲಿನಲ್ಲಿ ರೀಲ್ಸ್ ನೋಡಿ ಕಲಿತ ಮಂಗಳೂರು ಜ್ಞಾನವನ್ನೆಲ್ಲ ಬಳಸಿ ಹೇಳೋದು. ಅವನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ನಗು ಬಂದು ಹೋಗಿರುತ್ತಿತ್ತು. ಹಿಂದಿನ ಸಾಲಿನವರೊಬ್ಬರು, "ಏ ತಮ್ಮಾ, ಸ್ವಲ್ಪ ಜೋರಾಗಿ ಹೇಳಪ, ನಮಗೂ ಕೇಳ್ಲಿ" ಅಂದರು! ಇಂಟರ್‌ವಲ್ ಹೊತ್ತಿಗೆ ಯಾರೂ ಏನೂ ಕೇಳ್ತಿರಲಿಲ್ಲ. ಕಿವಿ ಹೊಂದಿಕೊಂಡಿತ್ತು. ಹೊರಗೆ ಬಂದಾಗ ನಾದಿನಿಯ ಮಗಳು ತನ್ನ ಅಪ್ಪನಿಗೆ ಫೋನ್ ಮಾಡಿ "ಬೇಗ ಬನ್ನಿ ಮಾರಾಯ್ರೆ" ಅಂತಿದ್ದಳು.

ಅಶೋಕ ಅನ್ನೋ ಹುಡುಗ ತನ್ನ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ನಾಟಕ ಮಾಡ್ತಾನೆ. ಸೋಮೇಶ್ವರದ ಸುಲೋಚನಾ ಅನ್ನುವ ಹೆಂಗಸಿನ ದೆವ್ವ ಅಂತ ಊರು ನಂಬುತ್ತದೆ. ಕೊನೆಗೆ ಸುಲೋಚನಾಳ ಮಗಳು ಭಾನು ಬರ್ತಾಳೆ, ಕಥೆಯ ಬಣ್ಣ ಬದಲಾಗುತ್ತದೆ. ನಮ್ಮವರಿಗೆ ಅದು ಹಿಡಿಸಲಿಲ್ಲ. "ನಗಿಸೋ ಪಿಚ್ಚರ್ ನಗಿಸ್ಬೇಕು, ಕೊನೀಗೆ ಪಾಠ ಯಾಕ?" ಅಂದರು. ನಾನು ಆ ಭಾಗವೇ ಚೆನ್ನಾಗಿದೆ ಅಂದೆ. ಅಷ್ಟು ಹೊತ್ತು ಊರಿನ ಗಂಡಸರ ಜೊತೆ ಸೇರಿ ನಾವೂ ನಕ್ಕಿದ್ದು ಯಾರ ಹೆಸರಿನ ಮೇಲೆ ಅಂತ ಅಲ್ಲಿ ಗೊತ್ತಾಗುತ್ತೆ. ಒಗ್ಗರಣಿ-ಮಿರ್ಚಿ ಬಂಡಿಯ ಮುಂದೆ ನಿಂತು ನಾವಿಬ್ಬರೂ ವಾದ ಮಾಡ್ತಿದ್ದರೆ ಅತ್ತೆ ಮಿರ್ಚಿಯ ತೊಟ್ಟು ಮುರಿಯುತ್ತಾ ಹೇಳಿದರು: "ಹುಲಿಗೆಮ್ಮನ ಗುಡ್ಯಾಗ ಇಂಥಾವು ಎಷ್ಟು ನೋಡೀನಿ. ಮೈಮ್ಯಾಲೆ ಬಂದಾಗಷ್ಟೇ ಮನ್ಯಾಗ ಹೆಣ್ಮಕ್ಕಳ ಮಾತು ಕೇಳ್ತಾರ. ಇಳಿದ ಮ್ಯಾಲೆ ಯಾರು ಕೇಳ್ತಾರ?" ಆ ಸಿನಿಮಾ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಲ್ಲಿ ಈ ಮಾತು ಇರಲಿಲ್ಲ.

ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ: ಅಧ್ಯಾಯ 1' ಬಗ್ಗೆ ಜಾಸ್ತಿ ಹೇಳೋದಿಲ್ಲ, ಎಲ್ಲರೂ ಹೇಳಿಯಾಗಿದೆ. ಮಗ ಮತ್ತು ಅವನ ಗೆಳೆಯರು ಕುರ್ಚಿಯ ಮೇಲೆ ಕೂರಲೇ ಇಲ್ಲ. ಕಾಡು, ಬೆಂಕಿ, ರಥ, ಎಲ್ಲ ಕಣ್ಣಿಗೆ ಹಬ್ಬ. ಅರವಿಂದ್ ಕಶ್ಯಪ್ ಕ್ಯಾಮೆರಾಕ್ಕೆ ಕೈ ಮುಗಿಯಬೇಕು. ಆದರೆ 2022ರ 'ಕಾಂತಾರ'ದಲ್ಲಿ ಊರ ಹುಡುಗರು ಕೂತು ಹರಟೆ ಹೊಡೆಯೋದು, ತಾಯಿ ಬೈಯೋದು ಇತ್ತಲ್ಲ, ನನಗೆ ಅದು ಬೇಕಿತ್ತು. ಇಲ್ಲಿ ಎಲ್ಲರೂ ಘೋಷಣೆ ಮಾಡುವ ದನಿಯಲ್ಲೇ ಮಾತಾಡ್ತಾರೆ. ಅತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ಅರ್ಧ ಸಿನಿಮಾ ನೋಡಿದರು. ದೈವ ಬರುವಾಗ ಮಾತ್ರ ಸೆರಗು ತೆಗೆದು ಕೈ ಮುಗಿದರು.

ಆ ಸಿನಿಮಾದ ರುಕ್ಮಿಣಿ ವಸಂತ್ ಅಂದ ಕೂಡಲೇ ನನಗೂ ತಂಗಿಗೂ ಹಳೆಯ ಜಗಳ ಶುರುವಾಗುತ್ತದೆ. ತಂಗಿ ಬೆಂಗಳೂರಿನಲ್ಲಿದ್ದಾಳೆ. ರುಕ್ಮಿಣಿ ನಟಿಸಿದ 2023ರ 'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗಗಳನ್ನು ತಂಗಿ ಅಲ್ಲಿ, ನಾನು ಇಲ್ಲಿ ನೋಡಿ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇವೆ. ಮನು ಒಂದು ಮನೆ ಕೊಳ್ಳುವ ದುಡ್ಡಿಗಾಗಿ ಮಾಲೀಕನ ಮಗ ಮಾಡಿದ ಆಕ್ಸಿಡೆಂಟನ್ನು ತನ್ನ ತಲೆ ಮೇಲೆ ಹಾಕಿಕೊಂಡು ಜೈಲಿಗೆ ಹೋಗ್ತಾನೆ. "ಒಂದ್ ಮನಿ ಸಲುವಾಗಿ ಯಾರಾದ್ರೂ ಜೈಲಿಗೆ ಹೋಗ್ತಾರೇನ?" ಅಂತ ನಾನು. "ಅಕ್ಕಾ, ನಿಂಗೆ ಗಂಗಾವತಿಯೊಳಗ ನಿಮ್ಮ ಮಾವ ಕಟ್ಟಿಸಿದ ಮನಿ ಐತಿ. ಇಲ್ಲಿ ಬಂದು ತಿಂಗಳಾ ಇಎಂಐ ಕಟ್ಟಿ ನೋಡು, ಆಮ್ಯಾಲೆ ಮಾತಾಡು" ಅಂತ ಅವಳು. ಹೇಮಂತ್ ರಾವ್ ಅವರ ಸಿನಿಮಾ ನಿಧಾನ, ಎರಡನೇ ಭಾಗದಲ್ಲಿ ಮನು ಮಾಡೋದು ಪ್ರೀತಿ ಅಂತ ಒಪ್ಪಿಕೊಳ್ಳೋಕೆ ನನಗೆ ಇವತ್ತಿಗೂ ಕಷ್ಟ. ಬೇರೆಯವರ ಸಂಸಾರಕ್ಕೆ ಗೊತ್ತಿಲ್ಲದೆ ಇಣುಕೋದನ್ನು ಎಷ್ಟು ಚೆಂದದ ಬಣ್ಣದಲ್ಲಿ ತೋರಿಸಿದರೂ ಅದು ಇಣುಕೋದೇ. ತಂಗಿಗೆ ಅದೆಲ್ಲ ಕಾಣೋದೇ ಇಲ್ಲ. ಅವಳಿಗೆ ಕಾಣೋದು ಮಧ್ಯಮ ವರ್ಗದ ಎರಡು ಜೀವಕ್ಕೆ ಆ ಊರಿನಲ್ಲಿ ಒಂದು ಸೂರು ಸಿಗಲಿಲ್ಲ ಅನ್ನೋದು. ಅವಳು ಆ ಊರಿನಲ್ಲಿ ನೋಡಿದಳು, ನಾನು ಈ ಊರಿನಲ್ಲಿ ನೋಡಿದೆ.

ದುಡ್ಡಿನ ವಿಷಯ ಬಂತು ಅಂತ ಹೇಳಿಬಿಡ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ ದರ 200 ರೂಪಾಯಿ ದಾಟಬಾರದು ಅಂತ ಸರ್ಕಾರ ನಿಯಮ ತಂತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ತಂಗಿಗೆ ಇದು ದೊಡ್ಡ ಸುದ್ದಿ. ನಮ್ಮೂರಿನ ಹಳೇ ಟಾಕೀಸಿಗೆ 200 ಅನ್ನೋದೇ ದೊಡ್ಡ ಮಾತು. ನಮಗೆ ತಟ್ಟಿದ್ದು ಇನ್ನೊಂದು. 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿಯಿತು. ಅದನ್ನು ಯಾರೂ ಟಿವಿಯಲ್ಲಿ ಕೂತು ಚರ್ಚೆ ಮಾಡಲಿಲ್ಲ. ಅಷ್ಟಕ್ಕೂ ನಮ್ಮ ಕಡೆ ಹೆಂಗಸರು ಟಾಕೀಸಿಗೆ ಬರೋದು ಕಮ್ಮಿ ಆಗಿರೋದು ಬರೀ ದುಡ್ಡಿನಿಂದಲ್ಲ. ಅತ್ತೆ ಒಂದು ಟಾಕೀಸಿಗೆ ಕಾಲಿಡೋದನ್ನೇ ಬಿಟ್ಟಿದ್ದಾರೆ. ಅಲ್ಲಿ ಹೆಂಗಸರ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ನೀರಿಲ್ಲ. ಸಿನಿಮಾ ಉಳಿಸಿ ಅಂತ ಭಾಷಣ ಮಾಡೋರು ಮೊದಲು ಒಂದು ಚಿಲಕ ಹಾಕಿಸಲಿ. ಬಿರುಬೇಸಿಗೆಯಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ, ಎಸಿ ಇರುವ ಕಡೆ ಮ್ಯಾಟ್ನಿಗೆ ಹೋಗಿ ಮಾವನವರು ನೆಮ್ಮದಿಯಾಗಿ ನಿದ್ದೆ ಮಾಡಿ ಬರ್ತಾರೆ. ಆ ಸಿನಿಮಾಗಳ ಬಗ್ಗೆಯೂ ಅವರಿಗೆ ಗಟ್ಟಿ ಅಭಿಪ್ರಾಯ ಇರುತ್ತೆ!

ಇನ್ನು ನನ್ನ ಒಂದು ತಕರಾರು. ಆನೆಗೊಂದಿ, ಹಂಪಿ ಕಡೆಯ ಬಂಡೆಗಳು ಎಷ್ಟೋ ಸಿನಿಮಾಗಳಲ್ಲಿ ಬಂದಿವೆ. ಹಾಡಿಗೆ ಬೇಕು, ಹೊಡೆದಾಟಕ್ಕೆ ಬೇಕು. ಬಂಡೆಯ ಮುಂದೆ ನಿಂತವರು ಮಾತ್ರ ನಮ್ಮ ಮಾತು ಆಡೋದಿಲ್ಲ. ನಮ್ಮ ಮಾತು ಬೇಕಾಗೋದು ರೌಡಿಯ ಹಿಂಬಾಲಕನಿಗೆ, ಇಲ್ಲಾ ನಗಿಸುವ ಗೆಳೆಯನಿಗೆ. ಅದೂ ಎಲ್ಲಿಯದೋ ಧಾಟಿಯಲ್ಲಿ ಎಳೆದೆಳೆದು. ಬೀದರ್, ಬೆಳಗಾವಿ, ರಾಯಚೂರು, ಎಲ್ಲ ಒಂದೇ ಅವರಿಗೆ. ಇಂಥ ಪಾತ್ರ ಬಂದಾಗ ಟಾಕೀಸಿನಲ್ಲಿ ನಮ್ಮ ಜನ ನಗ್ತಾರೆ, ನಾನೂ ನಗ್ತೀನಿ. ಆದರೆ ಅತ್ತೆ ನಗೋದಿಲ್ಲ. "ಹಿಂಗ ಯಾರು ಮಾತಾಡ್ತಾರ?" ಅಂತಾರೆ.

ಅದಕ್ಕೇ 'ಫೋಟೋ' ನೋಡಿದ ದಿನ ಬೇರೆಯಾಗಿತ್ತು. ಉತ್ಸವ್ ಗೋನವಾರ ಅವರ ಸಿನಿಮಾ, 2024ರ ಮಾರ್ಚ್‌ನಲ್ಲಿ ಬಿಡುಗಡೆ ಆಯಿತು. ನಾವು ನೋಡಿದ್ದು ಟಾಕೀಸಿನಲ್ಲಲ್ಲ, ಸಭಾಂಗಣವೊಂದರಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದಾಗ. ಪ್ಲಾಸ್ಟಿಕ್ ಕುರ್ಚಿ, ತಿರುಗುವಾಗ ಕಿರುಗುಟ್ಟುವ ಫ್ಯಾನು. ಬಟ್ಟೆ ಕಟ್ಟೋದನ್ನು ನೋಡಿ ಅತ್ತೆ, "ತೊಗಲುಗೊಂಬಿ ಆಟ ಐತೇನು?" ಅಂತ ಕೇಳಿದರು. ಅವರ ತವರು ಕೊಪ್ಪಳದ ಹತ್ತಿರ. 2025ರಲ್ಲಿ ಪದ್ಮಶ್ರೀ ಬಂದ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರೂ ಆ ಕಡೆಯವರೇ. ಬಟ್ಟೆಯ ಹಿಂದೆ ದೀಪ ಇಟ್ಟು, ಗೊಂಬೆ ಕುಣಿಸುತ್ತಾ, ರಾಮನ ಮಾತೂ ರಾವಣನ ಮಾತೂ ಹಿಂದೆ ಕೂತವರೇ ಆಡೋದನ್ನು ಅತ್ತೆ ಚಿಕ್ಕಂದಿನಲ್ಲಿ ರಾತ್ರಿಯೆಲ್ಲ ನೋಡಿದವರು. ದನಿಯ ಮೇಲೆ ಅವರಿಗಿರುವ ಈ ಹಟ ಎಲ್ಲಿಂದ ಬಂತು ಅಂತ ನನಗೆ ಹೊಳೆದದ್ದು ಆವತ್ತೇ.

ಕಥೆ ಸಣ್ಣದು. ರಾಯಚೂರು ಸೀಮೆಯ ಹಳ್ಳಿಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ದುಡಿಯಲು ಹೋಗಿರೋದು ಬೆಂಗಳೂರಿಗೇ. ಹುಡುಗ ಅಪ್ಪನ ಹತ್ತಿರ ಹೋಗ್ತಾನೆ, 2020ರ ಲಾಕ್‌ಡೌನ್ ಬೀಳುತ್ತದೆ, ಇಬ್ಬರೂ ಊರಿಗೆ ನಡೆಯಲು ಶುರು ಮಾಡ್ತಾರೆ. ಅಪ್ಪನಾಗಿ ಮಹಾದೇವ ಹಡಪದ ನಟಿಸಿದ ರೀತಿ ನೋಡಿ ನಟನೆ ಅನ್ನೋದೇ ಮರೆತುಹೋಯಿತು. ಗುಳೆ ಹೋಗೋದು ನಮ್ಮ ಕಡೆ ಕಥೆಯಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಬಸ್ಸಿಗೆ ಚೀಲ, ಪಾತ್ರೆ, ಕೂಸು ಹತ್ತಿಸುವವರನ್ನು ಯಾರು ಬೇಕಾದರೂ ನೋಡಬಹುದು. ಆ ಏಪ್ರಿಲ್‌ನಲ್ಲಿ ಸಿಂಧನೂರು ಕಡೆಯ ಹೆಣ್ಣುಮಗಳೊಬ್ಬಳು ಬೆಂಗಳೂರಿನಿಂದ ನಡೆದು ಬರುತ್ತಾ ಬಳ್ಳಾರಿಯಲ್ಲಿ ಪ್ರಾಣ ಬಿಟ್ಟ ಸುದ್ದಿ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದೆ.

ಅತ್ತೆ ಆ ಸಿನಿಮಾದಲ್ಲಿ ಒಮ್ಮೆಯೂ "ಏನಂದ್ನೋ?" ಅಂತ ಕೇಳಲಿಲ್ಲ. ಪರದೆಯ ಮೇಲೆ ಅವ್ವ ಮಗನಿಗೆ ಬೈದಾಗ ಇವರು ಕೂತಲ್ಲಿಂದಲೇ ಆಕೆಯ ಪರ ವಹಿಸಿ ಇನ್ನೊಂದು ಬೈಗುಳ ಸೇರಿಸಿದರು. ಮಾವನವರು ಪೂರ್ತಿ ಎಚ್ಚರ ಇದ್ದರು, ಅದು ಸಣ್ಣ ಮಾತಲ್ಲ. ಮುಗಿದ ಮೇಲೆ ನನ್ನನ್ನು ಕೇಳಿದರು: "ಇಂಥಾದ್ದು ನಮ್ಮ ಟಾಕೀಜಿಗೆ ಯಾಕ ಬರಂಗಿಲ್ಲ?" ಜನ ಬರೋದಿಲ್ಲ ಅಂತ ಟಾಕೀಸಿನವರು ಹಾಕೋದಿಲ್ಲ, ಹಾಕೋದಿಲ್ಲ ಅಂತ ಜನಕ್ಕೆ ಗೊತ್ತಾಗೋದಿಲ್ಲ ಅಂತ ನಮ್ಮವರು ವಿವರಿಸಿದರು. ಮಾವನವರಿಗೆ ಸಮಾಧಾನ ಆಗಲಿಲ್ಲ. "ಮಂಗಳೂರಿನವ್ರದ್ದು ಬಂತಲ್ಲ?" ಅಂದರು.

ಅದೇ ನನ್ನ ಪ್ರಶ್ನೆಯೂ. ತಂಗಿ ಇದೇ ಸಿನಿಮಾವನ್ನು ಬಿಡುಗಡೆಯಾದಾಗ ಬೆಂಗಳೂರಿನಲ್ಲಿ ನೋಡಿದ್ದಳು, ಮಗನನ್ನು ಕರೆದುಕೊಂಡು ಹೋಗಿ. ಅವನು ಕೆಳಗೆ ಬರುವ ಇಂಗ್ಲಿಷ್ ಸಾಲು ಓದುತ್ತಾ ಕೂತಿದ್ದನಂತೆ. "ನಮ್ಮವ್ವನ ಮಾತು ಅಕ್ಕಾ ಅದು, ನನ್ನ ಮಗ ಓದಿ ತಿಳ್ಕೊಂಡ" ಅಂತ ಫೋನಿನಲ್ಲಿ ಹೇಳುವಾಗ ಅವಳಿಗೆ ನಗುವೂ ಇತ್ತು, ಸಿಟ್ಟೂ ಇತ್ತು. ಸಿಟ್ಟು ಬೇಡ ಅಂದೆ. ಗಂಗಾವತಿಯ ಒಂದು ಸಾಲು ಇಂಟರ್‌ವಲ್‌ನೊಳಗೆ ಕರಾವಳಿ ಮಾತು ಕಲಿಯಿತು. ಅವನಿಗೂ ನಮ್ಮ ಕಡೆಯ ನಾಲ್ಕು ಸಿನಿಮಾ ಸಿಕ್ಕರೆ ಓದೋದು ಬಿಡ್ತಾನೆ. ನಾಲ್ಕು ಸಿಗಬೇಕಲ್ಲ, ಅದೇ ಪಂಚಾಯ್ತಿ.

ಕೊಪ್ಪಳದ ಗವಿಮಠದ ಜಾತ್ರೆಗೆ ತಂಗಿ ಮಗನ ಜೊತೆ ಬರ್ತಾಳೆ. ಸಂಕ್ರಾಂತಿಯ ತೆಲುಗು ಸಿನಿಮಾಗಳೂ ಆಗ ಓಡ್ತಿರುತ್ತವೆ. ಆ ಹುಡುಗನಿಗೆ ತೆಲುಗು ಬರೋದಿಲ್ಲ, ಇಲ್ಲಿ ಕೆಳಗೆ ಇಂಗ್ಲಿಷ್ ಸಾಲೂ ಬರೋದಿಲ್ಲ. "ಅಂವ ನನ್ನ ಪಕ್ಕ ಕುಂಡ್ರಲಿ, ನಾ ಹೇಳ್ತೀನಿ" ಅಂತ ಮಾವನವರು ಈಗಲೇ ಸೀಟು ಹಂಚಿದ್ದಾರೆ. ಅವರಿಗೆ ನಿದ್ದೆ ಬಂದರೆ ಯಾರು ಹೇಳಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.